ಕೈಕುಲುಕಿದ್ದು ಸರಿ, ನಕ್ಷೆ ಎಲ್ಲಿ?

ಪ್ರಶ್ನೆ: ನಮ್ಮ ಅಕ್ಕ ಹೈಫಾದಲ್ಲಿ ವಯಸ್ಸಾದವರನ್ನು ನೋಡಿಕೊಳ್ಳುವ ಕೆಲಸದಲ್ಲಿದ್ದಾಳೆ. ಸೈರನ್ ಕೂಗಿದಾಗಲೆಲ್ಲ ಮನೆಯಲ್ಲಿ ನಮಗೆ ನಿದ್ದೆಯಿಲ್ಲ. 1993ರಲ್ಲಿ ಇಸ್ರೇಲ್ ಪ್ರಧಾನಿ ರಾಬಿನ್ ಮತ್ತು ಪ್ಯಾಲೆಸ್ತೀನಿಯರ ನಾಯಕ ಅರಾಫತ್ ಕೈಕುಲುಕಿದ್ದನ್ನು ನಾನು ಟಿವಿಯಲ್ಲಿ ನೋಡಿದ ನೆನಪಿದೆ. ಇನ್ನು ಮುಗಿಯಿತು ಅಂದುಕೊಂಡಿದ್ದೆವು. ಎರಡು ದೇಶ ಮಾಡಿಕೊಂಡರೆ ಆಯಿತು ಎಂದು ಎಲ್ಲರೂ ಹೇಳುತ್ತಾರೆ. ಹಾಗಿದ್ದರೆ ಮೂವತ್ತು ವರ್ಷದಿಂದ ಇವರು ಮಾತನಾಡುತ್ತಿರುವುದಾದರೂ ಏನು? ಒಪ್ಪದೇ ಇರುವವರು ಯಾರು?
(ಓದುಗರು, ಉಡುಪಿ ಜಿಲ್ಲೆ)

ಉತ್ತರ: ಒಪ್ಪದೇ ಇರುವವರು ಯಾರು ಎಂಬುದಕ್ಕೆ ಒಂದು ಹೆಸರು ಹೇಳಿ ಕೈತೊಳೆದುಕೊಳ್ಳಬಹುದು. ಹಾಗೆ ಹೇಳುವವರು ಎರಡೂ ಕಡೆ ಧಾರಾಳವಾಗಿ ಸಿಗುತ್ತಾರೆ. ನಾನು ಈ ಮಾತುಕತೆಗಳ ಕಾಗದಪತ್ರಗಳನ್ನು ವರ್ಷಗಟ್ಟಲೆ ಓದಿ ಪಾಠ ಹೇಳಿದವನು. ತರಗತಿಯಲ್ಲಿ ಮೊದಲ ದಿನವೇ ಹೇಳಿಬಿಡುತ್ತಿದ್ದೆ: ಫೋಟೊ ನೋಡಬೇಡಿ, ಒಪ್ಪಂದಕ್ಕೆ ಲಗತ್ತಿಸಿದ ನಕ್ಷೆ ನೋಡಿ. ನಕ್ಷೆಯೇ ಇಲ್ಲವೆಂದಾದರೆ, ಯಾಕಿಲ್ಲ ಎಂದು ಕೇಳಿ. ನಿಮ್ಮ ಪ್ರಶ್ನೆಗೂ ಅದೇ ದಾರಿಯಲ್ಲಿ ಉತ್ತರ ಹೇಳುತ್ತೇನೆ.

ಮೊದಲು ಒಂದು ಪೆನ್ಸಿಲಿನ ಕತೆ. 1948ರ ನವೆಂಬರ್ 30. ಜೆರುಸಲೇಮಿನಲ್ಲಿ ಗುಂಡಿನ ಕಾಳಗ ನಿಲ್ಲಿಸಬೇಕಿತ್ತು. ಇಸ್ರೇಲಿನ ಕಡೆಯಿಂದ ಮೋಶೆ ದಯಾನ್, ಜೋರ್ಡಾನಿನ ಕಡೆಯಿಂದ ಅಬ್ದುಲ್ಲಾ ಅಲ್-ತಲ್, ಇಬ್ಬರೂ ಸೇನಾಧಿಕಾರಿಗಳು, ಪಾಳುಬಿದ್ದ ಮನೆಯೊಂದರಲ್ಲಿ 1:20,000 ಅಳತೆಯ ನಕ್ಷೆಯೊಂದನ್ನು ಹರಡಿಕೊಂಡು ತಮ್ಮ ತಮ್ಮ ಪಡೆ ಎಲ್ಲಿದೆಯೋ ಅಲ್ಲಿ ಗೆರೆ ಎಳೆದರು. ಒಬ್ಬರದು ಕೆಂಪು, ಇನ್ನೊಬ್ಬರದು ಹಸಿರು. ಪೆನ್ಸಿಲ್ಲುಗಳು ಮೊಂಡು, ಮೇಣದವು. ಗೆರೆ ಮೂರು ನಾಲ್ಕು ಮಿಲಿಮೀಟರ್ ದಪ್ಪ ಬಂತು. ಆ ಅಳತೆಯಲ್ಲಿ ನಕ್ಷೆಯ ಒಂದು ಮಿಲಿಮೀಟರ್ ಎಂದರೆ ನೆಲದ ಮೇಲೆ 20 ಮೀಟರ್. ಅಂದರೆ ಗೆರೆಯ ದಪ್ಪವೇ ಅರವತ್ತು ಎಂಬತ್ತು ಮೀಟರ್ ಆಯಿತು. ಅದರೊಳಗೆ ಮನೆಗಳಿದ್ದವು, ಓಣಿಗಳಿದ್ದವು. ಗೆರೆಯ ದಪ್ಪ ಯಾರಿಗೆ ಸೇರಿದ್ದು ಎಂಬ ಜಗಳ ಮುಂದೆ ಹತ್ತೊಂಬತ್ತು ವರ್ಷ ನಡೆಯಿತು. ಹೊಲದ ಬದುವಿಗಾಗಿ ಮೂರು ತಲೆಮಾರು ಕೋರ್ಟು ಅಲೆಯುವುದನ್ನು ಕಂಡ ನಮಗೆ ಇದನ್ನು ಬಿಡಿಸಿ ಹೇಳಬೇಕಿಲ್ಲ.

1949ರ ಏಪ್ರಿಲ್‌ನಲ್ಲಿ ಇಸ್ರೇಲ್ ಮತ್ತು ಜೋರ್ಡಾನ್ ಕದನ ವಿರಾಮದ ಕರಾರಿಗೆ ಸಹಿ ಹಾಕಿದಾಗ ಇಂಥ ಗೆರೆಗಳೇ ಅದರೊಳಗೆ ಸೇರಿದವು. ಇವತ್ತು ‘ಹಸಿರು ಗೆರೆ’, ‘1967ರ ಗಡಿ’ ಎಂದೆಲ್ಲ ನೀವು ಕೇಳುವುದು ಅದನ್ನೇ. ತಮಾಷೆಯೆಂದರೆ, ಇದು ಗಡಿಯಲ್ಲ, ಮುಂದಿನ ಇತ್ಯರ್ಥಕ್ಕೆ ಇದರಿಂದ ಬಾಧಕವಿಲ್ಲ ಎಂದು ಆ ಕರಾರಿನಲ್ಲೇ ಬರೆದಿದೆ. ಆಗ ಹಾಗೆ ಬರೆಸಲು ಹಟ ಹಿಡಿದವರು ಅರಬರು. ಇವತ್ತು ಆ ವಾಕ್ಯವನ್ನು ಎತ್ತಿ ತೋರಿಸುವವರು ಇಸ್ರೇಲಿಗಳು.

1967ರ ಜೂನ್ ಯುದ್ಧದಲ್ಲಿ ಇಸ್ರೇಲ್ ಆ ಗೆರೆ ದಾಟಿ ಪಶ್ಚಿಮ ದಂಡೆ (ಜೋರ್ಡಾನ್ ನದಿಯ ಪಶ್ಚಿಮಕ್ಕಿರುವ ನೆಲ), ಪೂರ್ವ ಜೆರುಸಲೇಂ, ಗಾಜಾ ಎಲ್ಲವನ್ನೂ ಹಿಡಿಯಿತು. ನವೆಂಬರ್‌ನಲ್ಲಿ ವಿಶ್ವಸಂಸ್ಥೆಯ ಭದ್ರತಾ ಮಂಡಳಿ 242ನೇ ನಿರ್ಣಯ ಮಾಡಿತು. ಆಕ್ರಮಿಸಿದ ಪ್ರದೇಶಗಳಿಂದ ಸೇನೆ ಹಿಂದೆಗೆಯಬೇಕು ಎನ್ನುತ್ತದೆ ಅದು. ಎಲ್ಲ ಪ್ರದೇಶಗಳಿಂದಲೋ, ಕೆಲವು ಪ್ರದೇಶಗಳಿಂದಲೋ? ಇಂಗ್ಲಿಷ್ ಪಾಠದಲ್ಲಿ ಪ್ರದೇಶ ಎಂಬ ಪದದ ಹಿಂದೆ ‘ದ’ ಎಂಬ ಪುಟ್ಟ ಪದ ಬೇಕೆಂದೇ ಇಲ್ಲ. ಫ್ರೆಂಚ್ ಪಾಠವನ್ನು ಓದಿದರೆ ‘ಆ ಎಲ್ಲ ಪ್ರದೇಶಗಳು’ ಎಂಬ ಅರ್ಥ ಬರುತ್ತದೆ. ಇಸ್ರೇಲ್ ಇಂಗ್ಲಿಷನ್ನು ಹಿಡಿಯಿತು, ಅರಬರು ಫ್ರೆಂಚನ್ನು. ಕನ್ನಡದಲ್ಲಿ ಈ ಜಗಳಕ್ಕೆ ಜಾಗವೇ ಇಲ್ಲ, ನಮ್ಮಲ್ಲಿ ಆ ಪದವೇ ಇಲ್ಲವಲ್ಲ. ತರಗತಿಯಲ್ಲಿ ಇದನ್ನು ಕನ್ನಡದಲ್ಲಿ ವಿವರಿಸಲು ಹೋಗಿ ನಾನು ಎಷ್ಟೋ ಸಲ ಸೋತಿದ್ದೇನೆ. ಆದರೆ ಆ ಅಸ್ಪಷ್ಟತೆ ಕೈತಪ್ಪಿ ಬಂದದ್ದಲ್ಲ. ಸ್ಪಷ್ಟವಾಗಿ ಬರೆದಿದ್ದರೆ ನಿರ್ಣಯ ಪಾಸಾಗುತ್ತಿರಲಿಲ್ಲ. ಈ ವಿವಾದದಲ್ಲಿ ಎಲ್ಲರೂ ಒಪ್ಪಿದ ಕಾಗದಗಳನ್ನೆಲ್ಲ ಒಟ್ಟಿಗೆ ಇಟ್ಟು ನೋಡಿ, ಇಬ್ಬರೂ ತಮಗೆ ಬೇಕಾದಂತೆ ಓದಿಕೊಳ್ಳಬಹುದಾದ ಒಂದು ಜಾಗ ಎಲ್ಲದರಲ್ಲೂ ಇರುತ್ತದೆ.

ಈಗ ನಿಮಗೆ ನೆನಪಿರುವ ಆ ಕೈಕುಲುಕಿಗೆ ಬರೋಣ.

1991ರ ಕೊನೆಯಲ್ಲಿ ಮ್ಯಾಡ್ರಿಡ್‌ನಲ್ಲಿ ದೊಡ್ಡ ಸಮ್ಮೇಳನ ನಡೆದಿತ್ತು. ಅರಾಫತ್ ಅವರ ಪಿಎಲ್ಓ (ಪ್ಯಾಲೆಸ್ತೀನ್ ವಿಮೋಚನಾ ಸಂಘಟನೆ) ಜೊತೆ ಕೂರುವುದಿಲ್ಲ ಎಂದು ಇಸ್ರೇಲ್ ಪಟ್ಟು ಹಿಡಿದಿದ್ದರಿಂದ ಪ್ಯಾಲೆಸ್ತೀನಿಯರು ಜೋರ್ಡಾನ್ ನಿಯೋಗದ ಭಾಗವಾಗಿ ಬಂದಿದ್ದರು. ಆಮೇಲೆ ವಾಷಿಂಗ್ಟನ್‌ನಲ್ಲಿ ಮಾತುಕತೆ ಮುಂದುವರಿದಾಗ, ಪ್ಯಾಲೆಸ್ತೀನಿಯರಿಗೆ ಬೇರೆ ಕೋಣೆಯೋ ಜೋರ್ಡಾನಿನ ಜೊತೆಯ ಕೋಣೆಯೋ ಎಂಬುದೇ ತೀರ್ಮಾನವಾಗದೆ ನಿಯೋಗಗಳ ಮುಖ್ಯಸ್ಥರು ದಿನಗಟ್ಟಲೆ ವಿದೇಶಾಂಗ ಇಲಾಖೆಯ ಪಡಸಾಲೆಯ ಸೋಫಾದಲ್ಲೇ ಕುಳಿತು ಮಾತಾಡಿದರು. ಬೇರೆ ಕೋಣೆ ಕೊಟ್ಟರೆ ಬೇರೆ ಜನಾಂಗ ಎಂದು ಒಪ್ಪಿದಂತೆ. ಹೊರಗಿನಿಂದ ನೋಡಿದವರಿಗೆ ನಗು ಬರುತ್ತಿತ್ತು. ಒಳಗಿದ್ದವರಿಗೆ ವಿವಾದದ ತಿರುಳೇ ಅದಾಗಿತ್ತು. (ಆ ಸಮ್ಮೇಳನವಾದ ಮೂರೇ ತಿಂಗಳಲ್ಲಿ, 1992ರ ಜನವರಿಯಲ್ಲಿ, ಭಾರತ ಇಸ್ರೇಲ್ ಜೊತೆ ಪೂರ್ಣ ರಾಜತಾಂತ್ರಿಕ ಸಂಬಂಧ ಶುರುಮಾಡಿತು. ನಿಮ್ಮ ಅಕ್ಕನಂಥವರು ಅಲ್ಲಿ ಕೆಲಸಕ್ಕೆ ಹೋಗುವ ದಾರಿ ತೆರೆದದ್ದು ಅಲ್ಲಿಂದಲೇ. ಪ್ಯಾಲೆಸ್ತೀನ್ ದೇಶಕ್ಕೆ ಭಾರತ ಮಾನ್ಯತೆ ಕೊಟ್ಟದ್ದು ಅದಕ್ಕೂ ಮೊದಲು, 1988ರಲ್ಲಿ.)

ಪಡಸಾಲೆಯಲ್ಲಿ ಕೆಲಸ ಸಾಗದಿದ್ದಾಗ ಗುಟ್ಟಿನ ದಾರಿ ತೆರೆಯಿತು. 1993ರ ಜನವರಿಯಿಂದ ನಾರ್ವೆಯ ಸಾರ್ಪ್ಸ್‌ಬೋರ್ಗ್ ಊರಿನ ಹಳೆಯ ಬಂಗಲೆಯೊಂದರಲ್ಲಿ ಇಸ್ರೇಲಿನ ಇಬ್ಬರು ವಿದ್ವಾಂಸರು, ಯಾಯಿರ್ ಹಿರ್ಷ್‌ಫೆಲ್ಡ್ ಮತ್ತು ರಾನ್ ಪುಂಡಾಕ್, ಪಿಎಲ್ಓದ ಅಹ್ಮದ್ ಕುರೈ ಜೊತೆ ಕೂತರು. ಸರ್ಕಾರದವರಲ್ಲವಾದ್ದರಿಂದ ಸುದ್ದಿ ಸೋರಿದರೆ ‘ನಮಗೇನೂ ಗೊತ್ತಿಲ್ಲ’ ಎನ್ನಬಹುದಿತ್ತು. ಒಟ್ಟಿಗೆ ಊಟ, ಒಟ್ಟಿಗೆ ವಾಕಿಂಗು, ಹಳೆಯ ಲೆಕ್ಕ ಕೆದಕುವುದಿಲ್ಲ ಎಂಬ ಮಾತು. ಆಗಸ್ಟ್ ಹೊತ್ತಿಗೆ ಕರಡು ಸಿದ್ಧವಾಯಿತು. ನಾರ್ವೆಯ ರಾಜಧಾನಿಯ ಹೆಸರಿನಿಂದ ‘ಓಸ್ಲೋ ಒಪ್ಪಂದ’ ಎನ್ನುವುದು ಇದನ್ನೇ. ಸೆಪ್ಟೆಂಬರ್ 13ರಂದು ಶ್ವೇತಭವನದ ಹುಲ್ಲುಹಾಸಿನ ಮೇಲೆ ನೀವು ನೋಡಿದ ದೃಶ್ಯ.

ಆ ಕಾಗದದಲ್ಲಿ ಏನಿತ್ತು ಎನ್ನುವುದಕ್ಕಿಂತ ಏನಿರಲಿಲ್ಲ ಎಂಬುದು ಮುಖ್ಯ. ಜೆರುಸಲೇಂ, ನಿರಾಶ್ರಿತರು, ಯಹೂದಿ ವಸಾಹತುಗಳು (1967ರಲ್ಲಿ ಹಿಡಿದ ನೆಲದಲ್ಲಿ ಇಸ್ರೇಲಿಗಳು ಕಟ್ಟಿಕೊಂಡ ಊರುಗಳು), ಭದ್ರತೆ, ಗಡಿ: ಇಷ್ಟನ್ನೂ ‘ಆಮೇಲೆ’ ಎಂದು ಪಟ್ಟಿ ಮಾಡಿ ಪಕ್ಕಕ್ಕಿಟ್ಟಿದ್ದರು. ಐದು ವರ್ಷದ ಮಧ್ಯಂತರ ಅವಧಿ, ಅದರ ಮೂರನೇ ವರ್ಷದ ಆರಂಭದೊಳಗೆ ಈ ವಿಷಯಗಳ ಮಾತುಕತೆ ಶುರು. ಗಡಿಯ ನಕ್ಷೆ ಇಲ್ಲ. ‘ಪ್ಯಾಲೆಸ್ತೀನ್ ದೇಶ’ ಎಂಬ ಪದವೂ ಎಲ್ಲೂ ಇಲ್ಲ. ಅದಕ್ಕೆ ನಾಲ್ಕು ದಿನ ಮೊದಲು ವಿನಿಮಯವಾದ ಪತ್ರಗಳನ್ನು ಅಕ್ಕಪಕ್ಕ ಇಟ್ಟು ಓದಿ: ಇಸ್ರೇಲ್ ದೇಶಕ್ಕೆ ಶಾಂತಿ, ಭದ್ರತೆಯಿಂದ ಬದುಕುವ ಹಕ್ಕಿದೆ ಎಂದು ಅರಾಫತ್ ಒಪ್ಪಿದರು. ಪಿಎಲ್ಓ ಪ್ಯಾಲೆಸ್ತೀನಿಯರ ಪ್ರತಿನಿಧಿ ಎಂದು ರಾಬಿನ್ ಒಪ್ಪಿದರು. ಒಬ್ಬರು ದೇಶವನ್ನು ಒಪ್ಪಿದರು, ಇನ್ನೊಬ್ಬರು ಒಂದು ಸಂಘಟನೆಯನ್ನು. ದೇಶ ಆಗೇಬಿಟ್ಟಿತು ಎಂದು ಪ್ಯಾಲೆಸ್ತೀನಿಯರು ಮನೆಗೆ ಹೋಗಿ ಹೇಳಿದರು. ದೇಶದ ಮಾತೇ ಆಡಿಲ್ಲ ಎಂದು ಇಸ್ರೇಲ್ ಸರ್ಕಾರ ತನ್ನ ಸಂಸತ್ತಿಗೆ ಹೇಳಿತು. ಇಬ್ಬರೂ ಸುಳ್ಳು ಹೇಳಲಿಲ್ಲ ಎಂಬುದೇ ತೊಂದರೆ.

ಕಷ್ಟದ್ದನ್ನು ಕೊನೆಗಿಟ್ಟರೆ ಅಷ್ಟರಲ್ಲಿ ನಂಬಿಕೆ ಬೆಳೆಯುತ್ತದೆ ಎಂಬುದು ಓಸ್ಲೋದವರ ಲೆಕ್ಕ. ಲೆಕ್ಕ ತಲೆಕೆಳಗಾಯಿತು. ಐದು ವರ್ಷ ಎನ್ನುವುದು ಒಪ್ಪಿದವರಿಗಿಂತ ಒಪ್ಪದವರಿಗೆ ಹೆಚ್ಚು ಉಪಯೋಗಕ್ಕೆ ಬಂತು. 1994ರ ಫೆಬ್ರವರಿಯಲ್ಲಿ ಹೆಬ್ರಾನಿನ ಮಸೀದಿಯಲ್ಲಿ ಬರೂಕ್ ಗೋಲ್ಡ್‌ಸ್ಟೈನ್ ಎಂಬ ವಸಾಹತುಗಾರ ನಮಾಜು ಮಾಡುತ್ತಿದ್ದ 29 ಜನರನ್ನು ಗುಂಡಿಟ್ಟು ಕೊಂದ. ಏಪ್ರಿಲ್‌ನಲ್ಲಿ ಹಮಾಸ್‌ನ ಆತ್ಮಾಹುತಿ ಬಾಂಬುಗಳು ಇಸ್ರೇಲಿನ ಬಸ್ಸುಗಳಿಗೆ ಬಂದವು. 1995ರ ನವೆಂಬರ್ 4ರಂದು ಟೆಲ್ ಅವೀವ್‌ನಲ್ಲಿ, ಶಾಂತಿಸಭೆ ಮುಗಿಸಿ ಕಾರಿನತ್ತ ಬರುತ್ತಿದ್ದ ರಾಬಿನ್ ಅವರನ್ನು ಯಿಗಾಲ್ ಅಮೀರ್ ಎಂಬ ಯಹೂದಿ ಕಾನೂನು ವಿದ್ಯಾರ್ಥಿ ಕೊಂದ. ಮರುವರ್ಷ ಫೆಬ್ರವರಿ, ಮಾರ್ಚ್‌ನಲ್ಲಿ ಹತ್ತು ದಿನದೊಳಗೆ ಬಾಂಬುಗಳಿಗೆ ಐವತ್ತಕ್ಕೂ ಹೆಚ್ಚು ಇಸ್ರೇಲಿಗಳು ಸತ್ತರು. ಮೇ ಚುನಾವಣೆಯಲ್ಲಿ, ರಾಬಿನ್ ನಂತರ ಪ್ರಧಾನಿಯಾಗಿದ್ದ ಪೆರೆಸ್ ಅವರು ನೆತನ್ಯಾಹು ಎದುರು 30 ಸಾವಿರಕ್ಕೂ ಕಡಿಮೆ ಮತಗಳಿಂದ ಸೋತರು.

ಇದರ ನಡುವೆ ನಕ್ಷೆಗಳು ಬರತೊಡಗಿದ್ದವು. 1994ರ ಮೇ 4ರಂದು ಕೈರೋದಲ್ಲಿ ಗಾಜಾ ಮತ್ತು (ಪಶ್ಚಿಮ ದಂಡೆಯ ಊರು) ಜೆರಿಕೋ ಒಪ್ಪಂದಕ್ಕೆ ಸಹಿ. ವೇದಿಕೆ, ನೇರ ಪ್ರಸಾರ, ಜಗತ್ತಿನ ಗಣ್ಯರು. ಅರಾಫತ್ ಪುಟ ತಿರುಗಿಸುತ್ತ ಸಹಿ ಹಾಕುತ್ತ ಹೋದರು. ರಾಬಿನ್ ತಮ್ಮ ಸರದಿ ಬಂದಾಗ ಹಾಳೆಗಳನ್ನು ನೋಡಿದರೆ, ನಕ್ಷೆಗಳ ಮೇಲೆ ಅರಾಫತ್ ಸಹಿಯೇ ಇಲ್ಲ! ಜೆರಿಕೋ ಪ್ರದೇಶ ಎಷ್ಟು ದೊಡ್ಡದು ಎಂಬುದಿನ್ನೂ ಅವರಿಗೆ ಒಪ್ಪಿಗೆಯಾಗಿರಲಿಲ್ಲ. ವೇದಿಕೆಯ ಮೇಲೇ ಪಿಸುಮಾತು, ಕೈಸನ್ನೆ, ಗದರಿಕೆ. ಆತಿಥೇಯ, ಈಜಿಪ್ಟ್ ಅಧ್ಯಕ್ಷ ಮುಬಾರಕ್ ಮುಖ ಕೆಂಪಾಗಿತ್ತು. ಎಲ್ಲರೂ ಪರದೆಯ ಹಿಂದೆ ಹೋಗಿ ಬಂದ ಮೇಲೆ ಅರಾಫತ್ ಸಹಿ ಹಾಕಿದರು. ಅವತ್ತು ಪತ್ರಿಕೆಗಳು ಅವರನ್ನು ನಾಟಕ ಮಾಡುತ್ತಾರೆಂದು ಗೇಲಿ ಮಾಡಿದವು. ಮಾತಿಗೆ ಸಹಿ ಹಾಕುವುದು ಸುಲಭ, ಗೆರೆಗೆ ಸಹಿ ಹಾಕುವುದು ಕಷ್ಟ ಎಂಬುದು ಆ ಮನುಷ್ಯನಿಗೆ ಗೊತ್ತಿತ್ತು ಎಂದೇ ನನಗೆ ಅನ್ನಿಸುತ್ತದೆ.

1995ರ ಸೆಪ್ಟೆಂಬರ್‌ನ ಎರಡನೇ ಓಸ್ಲೋ ಒಪ್ಪಂದ ಪಶ್ಚಿಮ ದಂಡೆಯನ್ನು ಎ, ಬಿ, ಸಿ ಎಂದು ಮೂರು ಬಗೆಯಾಗಿ ಹರಿದು ಹಂಚಿತು. ನಗರಗಳು ಎ: ಆಡಳಿತವೂ ಪೊಲೀಸೂ ಪ್ಯಾಲೆಸ್ತೀನ್ ಪ್ರಾಧಿಕಾರದ್ದು (ಈ ಒಪ್ಪಂದಗಳಿಂದ ಹುಟ್ಟಿದ ಪ್ಯಾಲೆಸ್ತೀನಿಯರ ಸೀಮಿತ ಸ್ವಯಮಾಡಳಿತ). ಹಳ್ಳಿಗಳು ಬಿ: ಆಡಳಿತ ಪ್ರಾಧಿಕಾರದ್ದು, ಭದ್ರತೆ ಇಸ್ರೇಲಿನದು. ಉಳಿದದ್ದೆಲ್ಲ ಸಿ: ಎರಡೂ ಇಸ್ರೇಲಿನದು. ಕೊನೆಗೆ ನಿಂತ ಲೆಕ್ಕ ಎ ಸುಮಾರು ಶೇ 18, ಬಿ ಶೇ 22, ಸಿ ಶೇ 60. ಕೇಳಲು ಸರಳ. ನೆಲದ ಮೇಲೆ ಹೇಗಿದೆ ಎಂದರೆ, ಗ್ರಾಮಠಾಣದೊಳಗೆ ಒಬ್ಬರ ಅಧಿಕಾರ, ಊರಾಚೆ ಹೊಲಕ್ಕೆ ಕಾಲಿಟ್ಟರೆ ಇನ್ನೊಬ್ಬರದು. ಮನೆ ಬಿ, ಬಾವಿ ಸಿ. ಕುರಿದೊಡ್ಡಿಗೆ ತಗಡು ಹೊದಿಸಲು, ಹೊಲಕ್ಕೆ ಪೈಪು ಎಳೆಯಲು ಇಸ್ರೇಲ್ ಸೇನೆಯ ಕೆಳಗಿರುವ ನಾಗರಿಕ ಆಡಳಿತ ಕಚೇರಿಯ ಪರವಾನಗಿ ಬೇಕು. ಅದು ಸಿಗುವುದು ಅಪರೂಪ. ಪರವಾನಗಿ ಇಲ್ಲದೆ ಕಟ್ಟಿದರೆ ಬುಲ್ಡೋಜರ್. ಎ ಮತ್ತು ಬಿ ಒಂದಕ್ಕೊಂದು ಅಂಟಿಕೊಂಡೂ ಇಲ್ಲ, ಸಿ ಎಂಬ ಕೆರೆಯಲ್ಲಿ ನಡುಗಡ್ಡೆಗಳಂತೆ ಚದುರಿವೆ. ಇದು ನಾಲ್ಕಾರು ವರ್ಷದ ಮಟ್ಟಿಗಿನ ತಾತ್ಕಾಲಿಕ ವ್ಯವಸ್ಥೆ ಎಂದು ಬರೆದದ್ದು. ಇವತ್ತಿಗೂ ಅದೇ ಜಾರಿಯಲ್ಲಿದೆ.

ಅದೇ ಒಪ್ಪಂದದಲ್ಲಿ, ಅಂತಿಮ ಮಾತುಕತೆ ಮುಗಿಯುವವರೆಗೆ ಯಾರೂ ಈ ಪ್ರದೇಶಗಳ ಸ್ಥಾನಮಾನ ಬದಲಿಸುವ ಕ್ರಮ ಕೈಗೊಳ್ಳಬಾರದು ಎಂಬ ಕಲಮೂ ಇದೆ. ಮನೆ ಕಟ್ಟಿದರೆ ಸ್ಥಾನಮಾನ ಬದಲಾಗುವುದಿಲ್ಲ ಎಂಬುದು ಇಸ್ರೇಲಿನ ವಾದ. 1993ರಲ್ಲಿ ಪೂರ್ವ ಜೆರುಸಲೇಂ ಬಿಟ್ಟು ಪಶ್ಚಿಮ ದಂಡೆಯಲ್ಲಿದ್ದ ವಸಾಹತುಗಾರರು 1 ಲಕ್ಷ 10 ಸಾವಿರದ ಆಸುಪಾಸು. ಈಗ 5 ಲಕ್ಷ ಮೀರಿದೆ. ಎದುರಿಗೆ ಕೂತು ರೊಟ್ಟಿ ಹಂಚಿಕೊಳ್ಳುವ ಮಾತಾಡುತ್ತಲೇ ಒಬ್ಬ ತುಂಡು ಮುರಿದು ತಿನ್ನುತ್ತಿದ್ದರೆ ಇನ್ನೊಬ್ಬನಿಗೆ ಮಾತುಕತೆಯೇ ಮೋಸವೆಂದು ಕಾಣುತ್ತದೆ. ಇಸ್ರೇಲಿ ತಾಯಿಗೂ ಹಾಗೆಯೇ: ನೆಲ ಬಿಟ್ಟುಕೊಟ್ಟಷ್ಟೂ ಬಸ್ಸಿನಲ್ಲಿ ಬಾಂಬು ಸಿಡಿದರೆ ಮಾತುಕತೆ ಎಂಬುದೇ ಅಪಾಯವೆಂದು ಕಾಣುತ್ತದೆ. ಇವೆರಡನ್ನು ತಕ್ಕಡಿಯಲ್ಲಿ ಸಮ ತೂಗಿಸುವುದು ನನ್ನ ಉದ್ದೇಶವಲ್ಲ. ಒಂದು ಕಡೆ ಸರ್ಕಾರ, ಸೇನೆ, ಕಾಂಕ್ರೀಟು ಇದೆ. ಇನ್ನೊಂದು ಕಡೆ ತನ್ನದೇ ಹಳ್ಳಿಗೆ ಅಪ್ಪಣೆ ಕೇಳಿ ಹೋಗುವ ಪ್ರಾಧಿಕಾರ. ಮುಂದೂಡಿಕೆಯಿಂದ ಲಾಭವಾದದ್ದು ಬಲ ಇದ್ದ ಕಡೆಗೆ.

2000ದ ಜುಲೈನಲ್ಲಿ ಅಮೆರಿಕ ಅಧ್ಯಕ್ಷರ ವಿಶ್ರಾಂತಿಧಾಮ ಕ್ಯಾಂಪ್ ಡೇವಿಡ್‌ನಲ್ಲಿ ನಡೆದ ಮಾತುಕತೆಯ ಬಗ್ಗೆ ಎರಡೇ ಮಾತು. ಪಟ್ಟಿ ಮಾಡಿ ಪಕ್ಕಕ್ಕಿಟ್ಟಿದ್ದ ಅಷ್ಟೂ ವಿಷಯವನ್ನು ಎರಡು ವಾರದಲ್ಲಿ ಮುಗಿಸಲು ಹೋದರು. ಇಸ್ರೇಲ್ ಪ್ರಧಾನಿ ಬರಾಕ್ ತಮ್ಮ ಕೊಡುಗೆಯನ್ನು ಬರೆದು ಕೊಡಲಿಲ್ಲ, ಅರಾಫತ್ ತಮ್ಮದೊಂದು ಪ್ರತಿ ಪ್ರಸ್ತಾಪ ಇಡಲಿಲ್ಲ. ತಪ್ಪು ನಿಮ್ಮ ಮೇಲೆ ಹೊರಿಸುವುದಿಲ್ಲ ಎಂದು ಅರಾಫತ್‌ಗೆ ಮಾತು ಕೊಟ್ಟು ಕರೆಸಿದ್ದ ಅಮೆರಿಕ ಅಧ್ಯಕ್ಷ ಕ್ಲಿಂಟನ್, ಮುರಿದುಬಿದ್ದ ಮೇಲೆ ಹೊರಿಸಿದರು. ಸೆಪ್ಟೆಂಬರ್ 28ರಂದು ಇಸ್ರೇಲಿನ ವಿರೋಧ ಪಕ್ಷದ ನಾಯಕ ಶರೋನ್ ಜೆರುಸಲೇಮಿನ ಪವಿತ್ರ ಅಂಗಳಕ್ಕೆ (ಅಲ್-ಅಕ್ಸಾ ಮಸೀದಿ ಇರುವ, ಯಹೂದಿಯರಿಗೂ ಪವಿತ್ರವಾದ ಜಾಗ) ಹೋಗಿ ಬಂದರು, ಎರಡನೇ ಇಂತಿಫಾದ, ಅಂದರೆ ಪ್ಯಾಲೆಸ್ತೀನಿಯರ ದಂಗೆ, ಹೊತ್ತಿಕೊಂಡಿತು. ಡಿಸೆಂಬರ್‌ನಲ್ಲಿ ಕ್ಲಿಂಟನ್ ಇಟ್ಟ ಸೂತ್ರದಲ್ಲಿ ಪಶ್ಚಿಮ ದಂಡೆಯ ಶೇ 94ರಿಂದ 96 ಭಾಗ ಪ್ಯಾಲೆಸ್ತೀನಿಗೆ, ಅಂಗಳದ ಮೇಲ್ಭಾಗ ಅವರ ಒಡೆತನಕ್ಕೆ, ಅಡಿಯ ಮಣ್ಣು ಅಗೆಯಬೇಕಾದರೆ ಇಬ್ಬರ ಒಪ್ಪಿಗೆ ಎಂಬಷ್ಟು ಸೂಕ್ಷ್ಮಕ್ಕೆ ಇಳಿದಿದ್ದರು. ಜನವರಿಯಲ್ಲಿ ಈಜಿಪ್ಟಿನ ತಾಬಾದಲ್ಲಿ ಸಂಧಾನಕಾರರು ‘ಇಷ್ಟು ಹತ್ತಿರ ಯಾವತ್ತೂ ಬಂದಿರಲಿಲ್ಲ’ ಎಂದು ಜಂಟಿ ಹೇಳಿಕೆ ಕೊಟ್ಟ ಹತ್ತೇ ದಿನಕ್ಕೆ ಶರೋನ್ ಇಸ್ರೇಲಿನ ಚುನಾವಣೆ ಗೆದ್ದರು.

‘ಒಪ್ಪಂದದ ರೂಪ ಎಲ್ಲರಿಗೂ ಗೊತ್ತು’ ಎಂಬ ಮಾತು ಹುಟ್ಟಿದ್ದು ಆಗ. ಅರ್ಧ ನಿಜ. ಗಡಿಯ ಲೆಕ್ಕ ಗೊತ್ತಿತ್ತು, ನಿರಾಶ್ರಿತರ ಲೆಕ್ಕ ಗೊತ್ತಿರಲಿಲ್ಲ. 1948ರಲ್ಲಿ ಊರು ಬಿಟ್ಟವರು, ಬಿಡಿಸಲ್ಪಟ್ಟವರು ಸುಮಾರು 7 ಲಕ್ಷ. ಅವರ ಸಂತತಿ ಸೇರಿ ವಿಶ್ವಸಂಸ್ಥೆಯ ನಿರಾಶ್ರಿತರ ಸಂಸ್ಥೆಯಲ್ಲಿ ಇವತ್ತು ನೋಂದಾಯಿತರು ಹತ್ತಿರ ಹತ್ತಿರ 59 ಲಕ್ಷ. ಪಶ್ಚಿಮ ದಂಡೆಯ ನಾಬ್ಲುಸ್ ಪಕ್ಕದ ಬಲಾತಾ ಶಿಬಿರದಲ್ಲಿ ಕಾಲು ಚದರ ಕಿಲೋಮೀಟರಿನಲ್ಲಿ ಸಾವಿರಾರು ಸಂಸಾರಗಳಿವೆ. ಅಲ್ಲಿನ ಹುಡುಗನನ್ನು ಯಾವೂರು ಎಂದರೆ, ಈಗ ಇಸ್ರೇಲಿನಲ್ಲಿರುವ ಯಾಫಾ ಊರಿನ ಹೆಸರು ಹೇಳುತ್ತಾನೆ. ಅವನ ಅಪ್ಪನೂ ಯಾಫಾ ಕಂಡವನಲ್ಲ. ಎಲ್ಲರೂ ಇಸ್ರೇಲಿನೊಳಗೆ ಮರಳುವುದಿಲ್ಲ ಎಂಬುದು ಕೋಣೆಯೊಳಗೆ ಎಲ್ಲರಿಗೂ ತಿಳಿದಿತ್ತು, ಕೋಣೆಯಿಂದ ಹೊರಬಂದು ಶಿಬಿರದವರಿಗೆ ಅದನ್ನು ಹೇಳುವ ಧೈರ್ಯ ಯಾವ ನಾಯಕನಿಗೂ ಬರಲಿಲ್ಲ. ಜೆರುಸಲೇಂ ಹಂಚಬೇಕಾಗುತ್ತದೆ ಎಂದು ತಮ್ಮ ಜನಕ್ಕೆ ಹೇಳುವ ಧೈರ್ಯ ಇಸ್ರೇಲಿ ನಾಯಕರಿಗೂ ಅಧಿಕಾರದ ಕೊನೆಯ ದಿನಗಳಲ್ಲಷ್ಟೇ ಬಂತು.

ಅಂಥ ಕೊನೆಯ ದಿನವೊಂದನ್ನು ಹೇಳಬೇಕು. 2008ರ ಸೆಪ್ಟೆಂಬರ್ 16. ಇಸ್ರೇಲ್ ಪ್ರಧಾನಿ ಎಹುದ್ ಓಲ್ಮರ್ಟ್ ಅವರ ಜೆರುಸಲೇಂ ನಿವಾಸಕ್ಕೆ, ಅರಾಫತ್ ನಂತರ ಪ್ಯಾಲೆಸ್ತೀನ್ ಪ್ರಾಧಿಕಾರದ ಅಧ್ಯಕ್ಷರಾದ ಮಹಮೂದ್ ಅಬ್ಬಾಸ್ ಬಂದರು. ಓಲ್ಮರ್ಟ್ ದೊಡ್ಡ ನಕ್ಷೆಯೊಂದನ್ನು ಬಿಚ್ಚಿಟ್ಟರು: ಪಶ್ಚಿಮ ದಂಡೆಯ ಶೇ 6ರಷ್ಟನ್ನು ಇಸ್ರೇಲ್ ಇಟ್ಟುಕೊಂಡು ಅದಕ್ಕೆ ಬದಲಾಗಿ ಹೆಚ್ಚುಕಡಿಮೆ ಅಷ್ಟೇ ನೆಲವನ್ನು ಬೇರೆಡೆ ಕೊಡುವುದು, ಗಾಜಾಕ್ಕೂ ಪಶ್ಚಿಮ ದಂಡೆಗೂ ಒಂದು ಸಂಪರ್ಕ ದಾರಿ, ಜೆರುಸಲೇಮಿನ ಪವಿತ್ರ ಭಾಗಕ್ಕೆ ಐದು ದೇಶಗಳ ಉಸ್ತುವಾರಿ. ಅಷ್ಟು ದೂರ ಅದುವರೆಗೆ ಯಾವ ಇಸ್ರೇಲ್ ಪ್ರಧಾನಿಯೂ ಬಂದಿರಲಿಲ್ಲ. ಈಗಲೇ ಸಹಿ ಹಾಕಿ ಎಂದರು. ತಜ್ಞರಿಗೆ ತೋರಿಸಬೇಕು, ಪ್ರತಿ ಕೊಡಿ ಎಂದರು ಅಬ್ಬಾಸ್. ಸಹಿ ಇಲ್ಲದೆ ಪ್ರತಿ ಇಲ್ಲ. ಅಬ್ಬಾಸ್ ಪ್ರಾಧಿಕಾರದ ಕೇಂದ್ರವಾದ ರಾಮಲ್ಲಾಗೆ ಮರಳಿ ನೆನಪಿನಿಂದಲೇ ಒಂದು ಹಾಳೆಯ ಮೇಲೆ ಆ ನಕ್ಷೆಯನ್ನು ಗೀಚಿಟ್ಟರು. ಆ ಗೀಚು ಆಮೇಲೆ ಬಹಿರಂಗವಾಯಿತು. ನೋಡಿದರೆ ಮಗು ಬರೆದ ಎಲೆಯ ಚಿತ್ರದಂತಿದೆ. ನಕ್ಷೆ ತಜ್ಞರು ಮತ್ತೆ ಕೂಡಬೇಕಿದ್ದ ಸಭೆ ನಡೆಯಲೇ ಇಲ್ಲ. ಭ್ರಷ್ಟಾಚಾರದ ತನಿಖೆಗೆ ಸಿಕ್ಕಿ ಹುದ್ದೆ ಬಿಡುವುದಾಗಿ ಮೊದಲೇ ಹೇಳಿದ್ದ ಓಲ್ಮರ್ಟ್ ಐದು ದಿನಕ್ಕೆ ರಾಜೀನಾಮೆ ಕೊಟ್ಟರು. ಅಬ್ಬಾಸ್ ತಪ್ಪು ಮಾಡಿದರೇ? ಮಾಡಿದರು ಎಂದೇ ನನ್ನ ಅಭಿಪ್ರಾಯ. ಕಾಗದದ ಮೇಲೊಂದು ಪೂರ್ವನಿದರ್ಶನವಾದರೂ ಉಳಿಯುತ್ತಿತ್ತು. ಆದರೆ ಮನೆ ಖಾಲಿ ಮಾಡುತ್ತಿರುವ ಬಾಡಿಗೆದಾರನಿಂದ ಯಾರು ಕ್ರಯಪತ್ರ ಬರೆಸಿಕೊಳ್ಳುತ್ತಾರೆ ಎಂಬ ಅವರ ಹಿಂಜರಿಕೆಯೂ ನನಗೆ ಅರ್ಥವಾಗುತ್ತದೆ.

ಅದರ ನಂತರದ್ದು ಬೇಗ ಹೇಳಬಹುದು. ಅಬ್ಬಾಸ್ ಆಗಲೇ ಅರ್ಧಕ್ಕಷ್ಟೇ ಸಹಿ ಹಾಕಬಲ್ಲವರಾಗಿದ್ದರು. 2006ರ ಚುನಾವಣೆಯಲ್ಲಿ 132ರಲ್ಲಿ 74 ಸ್ಥಾನ ಗೆದ್ದಿದ್ದ ಹಮಾಸ್, 2007ರಲ್ಲಿ ಗಾಜಾವನ್ನು ಪೂರ್ತಿ ವಶಕ್ಕೆ ತೆಗೆದುಕೊಂಡಿತ್ತು. ಅದು ಇಸ್ರೇಲಿಗೆ ಮಾನ್ಯತೆಯನ್ನೇ ಕೊಡುವುದಿಲ್ಲ. ಆಮೇಲೆ ಅಲ್ಲಿ ಸಂಸತ್ ಚುನಾವಣೆಯೇ ಆಗಿಲ್ಲ. ಅಮೆರಿಕದ ವಿದೇಶಾಂಗ ಸಚಿವ ಜಾನ್ ಕೆರಿ 2013ರಿಂದ ಒಂಬತ್ತು ತಿಂಗಳು ಓಡಾಡಿದರು. ನಾಲ್ಕನೇ ಕಂತಿನ ಕೈದಿಗಳ ಬಿಡುಗಡೆಯಲ್ಲಿ ಅದು ಮುಗ್ಗರಿಸಿತು. 2024ರ ಜುಲೈನಲ್ಲಿ ಇಸ್ರೇಲ್ ಸಂಸತ್ತು 68-9 ಮತದಿಂದ ಪ್ಯಾಲೆಸ್ತೀನ್ ದೇಶ ಬೇಡ ಎಂದು ನಿರ್ಣಯಿಸಿತು. ಒಪ್ಪದೇ ಇರುವವರು ಯಾರು ಎಂದು ಕೇಳಿದ್ದಿರಲ್ಲ. ಹಮಾಸ್ ಮೊದಲಿನಿಂದಲೂ ಒಪ್ಪಿರಲಿಲ್ಲ. ಇಸ್ರೇಲ್ ಸಂಸತ್ತಿನ ಬಹುಮತವೂ ಈಗ ಒಪ್ಪುತ್ತಿಲ್ಲ ಎಂಬುದನ್ನು ಆ ಸಂಖ್ಯೆ ಹೇಳುತ್ತದೆ. ಆ ಹೊತ್ತಿಗೆ 2023ರ ಅಕ್ಟೋಬರ್ 7ರ ಹಮಾಸ್ ದಾಳಿ ಆಗಿಹೋಗಿತ್ತು: ಇಸ್ರೇಲಿನಲ್ಲಿ ಸುಮಾರು 1,200 ಸಾವು, 251 ಒತ್ತೆಯಾಳುಗಳು; ಮುಂದಿನ ಎರಡು ವರ್ಷದಲ್ಲಿ ಗಾಜಾದಲ್ಲಿ, ಅಲ್ಲಿನ ಆರೋಗ್ಯ ಸಚಿವಾಲಯದ ಲೆಕ್ಕದಂತೆ, 60 ಸಾವಿರ ಮೀರಿ ಸಾವು.

ಹಾಗಿದ್ದೂ ಆ ಎರಡು ವರ್ಷದಲ್ಲಿ ಕೆಲವು ಮಾತುಕತೆ ಫಲ ಕೊಟ್ಟವು. 2023ರ ನವೆಂಬರ್‌ನಲ್ಲಿ ಕತಾರ್, ಈಜಿಪ್ಟ್ ಮಧ್ಯಸ್ಥಿಕೆಯಲ್ಲಿ ಒಂದು ವಾರದ ವಿರಾಮ: 105 ಒತ್ತೆಯಾಳುಗಳು ಮನೆಗೆ, 240 ಪ್ಯಾಲೆಸ್ತೀನಿ ಕೈದಿಗಳು ಮನೆಗೆ. ಇಲ್ಲಿ ಎದುರುಬದುರು ಕೂರುವುದೇ ಇಲ್ಲ, ಮಧ್ಯಸ್ಥರು ಈ ಕಡೆಯ ಚೀಟಿಯನ್ನು ಆ ಕಡೆಗೆ ಒಯ್ಯುತ್ತಾರೆ. ಸಾಗಿದ್ದು ಯಾಕೆಂದರೆ ಪ್ರತಿಯೊಂದಕ್ಕೂ ಹೆಸರಿತ್ತು, ಸಂಖ್ಯೆಯಿತ್ತು, ದಿನವಿತ್ತು. ಇಂತಿಷ್ಟು ಜನ, ಇಂಥ ದಿನ, ಇಂತಿಷ್ಟು ಲಾರಿ. ‘ಆಮೇಲೆ’ ಎಂಬ ಪದ ಬಂದಲ್ಲೆಲ್ಲ ನಿಂತುಹೋಯಿತು. 2025ರ ಜನವರಿಯ ಕದನ ವಿರಾಮದ ಮೊದಲ ಹಂತಕ್ಕೆ ಪಟ್ಟಿ ಇತ್ತು, ನಡೆಯಿತು. ಎರಡನೇ ಹಂತವನ್ನು ‘ಮಾತಾಡಿ ತೀರ್ಮಾನಿಸುವುದು’ ಎಂದು ಬಿಟ್ಟಿದ್ದರು, ಮಾರ್ಚ್ 18ಕ್ಕೆ ಯುದ್ಧ ಮರುಕಳಿಸಿತು.

2025ರ ಅಕ್ಟೋಬರ್ 10ರಂದು ಜಾರಿಗೆ ಬಂದ ಕದನ ವಿರಾಮವನ್ನೂ ಹಾಗೇ ಓದಿ. ಟ್ರಂಪ್ ಅವರ 20 ಅಂಶಗಳ ಯೋಜನೆ; ಮೂರೇ ದಿನದಲ್ಲಿ ಬದುಕಿದ್ದ 20 ಒತ್ತೆಯಾಳುಗಳೂ ಹೊರಬಂದರು. ಎಣಿಸಬಹುದಾದದ್ದು, ಆಯಿತು. ಈ ಸಲ ಒಂದು ನಕ್ಷೆಯೂ ಇದೆ. ಇಸ್ರೇಲ್ ಸೇನೆ ಮೊದಲು ಹಿಂದೆ ಸರಿದು ನಿಲ್ಲುವ ಜಾಗಕ್ಕೆ ಹಳದಿ ಗೆರೆ, ಮುಂದೆ ಸರಿಯುವುದಕ್ಕೆ ಕೆಂಪು ಗೆರೆ, ಆಮೇಲೆ ಗಡಿಯಂಚಿನ ಭದ್ರತಾ ಪಟ್ಟಿ. ಹಳದಿ ಗೆರೆಯ ಹಿಂದೆಯೂ ಗಾಜಾದ ಅರ್ಧಕ್ಕಿಂತ ಹೆಚ್ಚು ನೆಲ ಸೇನೆಯ ಕೈಯಲ್ಲೇ ಉಳಿಯಿತು. ಹಳದಿಯಿಂದ ಕೆಂಪಿಗೆ ಯಾವತ್ತು ಹೋಗಬೇಕು ಎಂಬುದಕ್ಕೆ ನಕ್ಷೆಯಲ್ಲಿ ತಾರೀಖಿಲ್ಲ. ನವೆಂಬರ್ 17ರಂದು ಭದ್ರತಾ ಮಂಡಳಿ 2803ನೇ ನಿರ್ಣಯದಿಂದ ಇದಕ್ಕೆ ಒಪ್ಪಿಗೆ ಕೊಟ್ಟಾಗ ಪ್ಯಾಲೆಸ್ತೀನ್ ದೇಶದ ಮಾತೂ ಸೇರಿತು: ಸುಧಾರಣೆ ಆದ ಮೇಲೆ, ಮರುನಿರ್ಮಾಣ ಸಾಗಿದ ಮೇಲೆ, ಅದಕ್ಕೆ ದಾರಿ ತೆರೆದುಕೊಳ್ಳಬಹುದು ಎಂಬ ಧಾಟಿಯಲ್ಲಿ. ಅತ್ತ ಪಶ್ಚಿಮ ದಂಡೆಯಲ್ಲಿ, ಅದೇ ವರ್ಷದ ಆಗಸ್ಟ್‌ನಲ್ಲಿ, ಜೆರುಸಲೇಮಿಗೂ ಮಾಲೆ ಅದುಮಿಮ್ ವಸಾಹತಿಗೂ ನಡುವಿನ ಇ-1 ಎಂಬ ಜಾಗದಲ್ಲಿ ಸುಮಾರು 3,400 ಮನೆಗಳ ಯೋಜನೆಗೆ ಇಸ್ರೇಲ್ ಒಪ್ಪಿಗೆ ಕೊಟ್ಟಿದೆ. ಅವು ಎದ್ದರೆ ರಾಮಲ್ಲಾದಿಂದ ಬೆತ್ಲೆಹೇಮಿಗೆ ಒಂದೇ ತುಂಡಾದ ನಕ್ಷೆ ಬರೆಯುವುದು ಇನ್ನೂ ಕಷ್ಟ.

ಅಂದಹಾಗೆ, ನಿಮ್ಮ ಅಕ್ಕ ಇರುವ ಹೈಫಾವನ್ನು 1918ರ ಸೆಪ್ಟೆಂಬರ್ 23ರಂದು ತುರ್ಕರ ಕೈಯಿಂದ ಹಿಡಿದವರಲ್ಲಿ ಜೋಧಪುರದವರ ಜೊತೆ ನಮ್ಮ ಮೈಸೂರು ಲ್ಯಾನ್ಸರ್ಸ್ ಸವಾರರೂ ಇದ್ದರು, ಬೆಂಗಳೂರಿನ ಜೆ.ಸಿ. ನಗರದಲ್ಲಿ ಅವರ ಸ್ಮಾರಕವಿದೆ. ಆ ನೆಲಕ್ಕೆ ಬ್ರಿಟಿಷರು ಅದಾಗಲೇ, 1917ರಲ್ಲೇ, ಯಹೂದಿಯರಿಗೆ ‘ರಾಷ್ಟ್ರೀಯ ನೆಲೆ’ ಎಂಬ ಮಾತು ಕೊಟ್ಟಿದ್ದರು. ನೆಲೆ ಎಂದರೆ ದೇಶವೋ ಅಲ್ಲವೋ ಎಂದು ಬರೆದಿರಲಿಲ್ಲ, ಎಲ್ಲಿಂದ ಎಲ್ಲಿಯವರೆಗೆ ಎಂದೂ ಬರೆದಿರಲಿಲ್ಲ.

ಗಾಜಾದ ಹಳದಿ ಗೆರೆ ಈಗ ಕಾಗದದ ಮೇಲಷ್ಟೇ ಇಲ್ಲ. ಸೇನೆ ಹಳದಿ ಬಳಿದ ಕಾಂಕ್ರೀಟ್ ದಿಮ್ಮಿಗಳನ್ನು ನೆಲದ ಮೇಲೆ ಸಾಲಾಗಿ ಇಡಿಸಿದೆ. ಮುಂದಿನ ಸಲ ಟಿವಿಯಲ್ಲಿ ಕೈಕುಲುಕುವುದನ್ನು ಕಂಡಾಗ, ಆ ದಿಮ್ಮಿಗಳನ್ನು ಎತ್ತಿ ಯಾವ ಕಡೆಗೆ ಇಟ್ಟರು ಎಂಬ ಸುದ್ದಿಯನ್ನು ಹುಡುಕಿ ಓದಿ. ಅಕ್ಕನಿಗೆ ಫೋನಿನಲ್ಲಿ ಹೇಳುವುದಕ್ಕೆ ಅದು ಹೆಚ್ಚು ಉಪಯೋಗಕ್ಕೆ ಬರುತ್ತದೆ.